ಗೋದಾಕಾಕು ಮತ್ತು ಹಾಸ್ಯದ ಕ್ಯಾಸೆಟ್ಟು

ಸದಲಗಾದ ನಮ್ಮ ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ಮುಖ ಬಿಗಿದು ಕೂರುತ್ತಿದ್ದವರು ಗೋದಾಕಾಕು ಒಬ್ಬರೇ. ವಿಚಿತ್ರವೆಂದರೆ ನಗಿಸುವ ಟೇಪ್ ರೆಕಾರ್ಡರ್ ಇದ್ದದ್ದು ಅವರ ಮನೆಯಲ್ಲೇ. ಅವರ ಗಂಡ ಅಣ್ಣಪ್ಪಕಾಕಾ ಅದನ್ನು ಕೊಲ್ಹಾಪುರದಿಂದ ತಂದಿದ್ದರು. ಜೊತೆಗೆ ಹಾಸ್ಯದ ಕ್ಯಾಸೆಟ್ಟುಗಳು, ಕೆಲವು ಕನ್ನಡ, ಕೆಲವು ಮರಾಠಿ. ಭಾನುವಾರ ಡೇರಿಗೆ ಹಾಲು ಹಾಕಿ ಬಂದು ಕಾಕಾ ಗುಂಡಿ ಒತ್ತಿದರೆ ನಾವು ಹುಡುಗಿಯರು ಪಡಸಾಲೆ ತುಂಬಿಬಿಡುತ್ತಿದ್ದೆವು. ಕಾಕಾ ಟೋಪಿ ತೆಗೆದು, ಅದರಿಂದಲೇ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಒಂದು ಕ್ಯಾಸೆಟ್ಟಿನಲ್ಲಿ ಹೊಸ ಅಳಿಯ ಅತ್ತೆಯ ಮನೆಗೆ ಉಣ್ಣಲು ಬರುತ್ತಾನೆ. ನಾಚಿಕೆಗೆ ಎಲ್ಲದಕ್ಕೂ "ಸಾಕ್ರಿ" ಅನ್ನುತ್ತಾನೆ. ಅತ್ತೆ ಅದನ್ನೇ ನಂಬಿ ತಾಟು ಎತ್ತಿಕೊಂಡು ಹೋಗುತ್ತಾಳೆ. ನಾವು ಬಿದ್ದು ಬಿದ್ದು ನಗುತ್ತಿದ್ದಾಗ ಕಾಕು ಎದ್ದು ಬಂದು ಟೇಪು ನಿಲ್ಲಿಸಿದರು.

"ಹಸದ ಮನಿಷಾನ ಮುಂದಿನ ತಾಟ ಎತ್ತ್ಯಾರ. ಅದರಾಗ ನಗೂದ ಏನೈತಿ?"

"ಅದು ನಾಟಕ ಐತಿ, ಮಾರಾಯ್ತಿ," ಅಂದರು ಕಾಕಾ.

"ನಾಟಕದಾವ್ರಿಗೆ ಹೊಟ್ಟಿ ಇರೂದಿಲ್ಲೇನ್ರಿ?"

ಆಮೇಲೆ ನಮಗೆಲ್ಲ ಜೋಳದ ಭಕ್ರಿ, ಶೇಂಗಾ ಚಟ್ನಿ ಕೊಟ್ಟರು. "ಉಣ್ರಿ ಮೊದಲ. ಆಮ್ಯಾಲೆ ಎಷ್ಟಾರ ನಗ್ರಿ." ಕೈಯಲ್ಲಿ ಭಕ್ರಿ ಹಿಡಿದು ಕೂತ ನನಗೆ, ಇಷ್ಟು ಹೊತ್ತು ನಕ್ಕಿದ್ದು ತಪ್ಪೋ ಸರಿಯೋ ತಿಳಿಯಲಿಲ್ಲ.

ನಾನು ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದಾಗ ಕಾಕಾ ತೀರಿಹೋದರು. ಕಾಕು ಅಳಲೇ ಇಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ಬೀಗರ ಕಡೆಯ ಒಬ್ಬ ಹೊಸ ಅಳಿಯನಿದ್ದ. ಹುಗ್ಗಿ ಬಂದಾಗ ಸಂಕೋಚದಿಂದ "ಸಾಕ್ರಿ, ಸಾಕ್ರಿ" ಅಂದ. ಬಡಿಸುತ್ತಿದ್ದ ಹಿರಿಯರು ನಿಜವಾಗಿಯೂ ಮುಂದೆ ಹೋಗಿಬಿಟ್ಟರು. ಅವನ ಕಣ್ಣು ಮಾತ್ರ ಹುಗ್ಗಿಯ ಹಿಂದೆಯೇ ಹೋಯಿತು.

ಬಾಗಿಲಲ್ಲಿ ಕೂತಿದ್ದ ಕಾಕು ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಗೋಡೆ ಹಿಡಿದು, ಬಾಗಿ, ಮೈಯೆಲ್ಲ ಅಲುಗಾಡುವಂತೆ ನಕ್ಕರು. ಪಂಕ್ತಿಯ ಕೈಗಳೆಲ್ಲ ನಿಂತವು. "ತಲಿ ಕೆಟ್ಟತೇನ ಪಾಪ," ಎಂದು ಯಾರೋ ಪಿಸುಗುಟ್ಟಿದರು. ನಾನು ಓಡಿಹೋಗಿ ಅವರ ಹೆಗಲು ಹಿಡಿದೆ. ಹಿಡಿದ ನನಗೂ ನಗು ಉಕ್ಕಿ ಬಂತು. ನಾಚಿಕೆಯಾಗಿ ತಲೆ ತಗ್ಗಿಸಿದೆ.

ಆ ನಗು ಯಾಕೆಂದು ಕಾಕುವನ್ನು ಕೇಳಲು ನನಗೆ ಎಷ್ಟೋ ವರ್ಷ ಬೇಕಾಯಿತು. ಹೋದ ವರ್ಷ ಊರಿಗೆ ಹೋದಾಗ ಕಾಕು ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಕಣ್ಣು ಮಂಜಾಗಿತ್ತು, ನೆನಪು ನೆಟ್ಟಗಿತ್ತು.

"ಕಾಕು, ಅವತ್ತ ಊಟದಾಗ ಯಾಕ ಅಷ್ಟ ನಕ್ಕಿದ್ರಿ?"

ಅವರು ಕಣ್ಣು ಕಿರಿದು ಮಾಡಿ ನನ್ನತ್ತ ಬಾಗಿದರು.

"ನಾ ನಕ್ಕಿದ್ನೇನವಾ? ಅತ್ತಿದ್ನಿ ಅಂತ ತಿಳಕೊಂಡಿದ್ನಿ."

ನಾನು ಅವರ ಕೈ ಹಿಡಿದುಕೊಂಡು ಕೂತೆ. ಎರಡು ತಿಂಗಳ ಮೇಲೆ ಕಾಕು ಹೋದ ಸುದ್ದಿ ಬಂತು. ಅವರ ಪ್ರಶ್ನೆಗೆ ನಾನು ಹೌದೆನ್ನಬೇಕಿತ್ತೋ ಇಲ್ಲವೆನ್ನಬೇಕಿತ್ತೋ, ಇವತ್ತಿಗೂ ಗೊತ್ತಾಗಿಲ್ಲ.