ರಾವಿರಿ ಬರೆದ ಉಬ್ಬರದ ಲೆಕ್ಕ

ಬ್ಲಫ್ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಂಪಿ ಹಿಡಿಯುವ ದೋಣಿಗಳು ಹೊರಡುವ ಸದ್ದಿಗೆ ರೊವೀನಾ ಪ್ಯಾಸ್ಕೋ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಆ ದೋಣಿಯವರು ಮೊಬೈಲಿನಲ್ಲಿ ನೋಡುವ ಉಬ್ಬರವಿಳಿತದ ಹೊತ್ತನ್ನು ಲೆಕ್ಕ ಹಾಕುವುದು ರೊವೀನಾ ನೋಡಿಕೊಳ್ಳುವ ತಂತ್ರಾಂಶ. ಮೀನು ಕಾರ್ಖಾನೆಯ ಕೆಲಸದ ಜೊತೆಗೆ ಸಂಬಳವಿಲ್ಲದೆ ಮಾಡುವ ಚಾಕರಿ ಇದು. ಬಂದರಿನಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ತಂತ್ರಾಂಶವನ್ನು ಹಲವರು ಸೇರಿ ಬರೆದರು. ಯಾರು ಬೇಕಾದರೂ ತಿದ್ದಬಹುದು, ತಿದ್ದಿದ್ದನ್ನು ಮುಚ್ಚಿಡುವಂತಿಲ್ಲ ಎಂಬುದು ಪರವಾನಗಿಯ ಷರತ್ತು. ತಮ್ಮ ತಂತ್ರಾಂಶವನ್ನು ಬಹಿರಂಗಪಡಿಸದ ಕಡಲ ರಕ್ಷಣೆಯವರ ನಕ್ಷೆಯೊಳಗೆ ಇದು ಸೇರಬೇಕಾದರೆ ಆ ಷರತ್ತು ಸಡಿಲವಾಗಬೇಕು. ಬರೆದ ಸಾಲು ಬರೆದವರ ಸೊತ್ತು, ಹಾಗಾಗಿ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು. ರೊವೀನಾ ಚಳಿಗಾಲವಿಡೀ ಅವರನ್ನು ಹುಡುಕಿ, ಗೋಗರೆದು, ಬೈಸಿಕೊಂಡು ಒಪ್ಪಿಸಿದರು. ಉಳಿದದ್ದು ಉಬ್ಬರದ ಹೊತ್ತಿನ ಲೆಕ್ಕ ಬರೆದಿದ್ದ ರಾವಿರಿಯ ಸಾಲುಗಳು. ರಾವಿರಿ ಈಗ ಬದುಕಿಲ್ಲ. ಈ ಬಂದರಿನ ಬಾಯಲ್ಲೇ ಅವನ ದೋಣಿ ಮಗುಚಿತು. ತನ್ನದೇ ಲೆಕ್ಕ ನಂಬಿ ಹೋಗಿ ಸತ್ತ ಎಂದು ಊರು ಆಡಿಕೊಂಡಿತು. ಊರಿನ ಬಾಯಿ ಮುಚ್ಚಿಸುವುದು ರೊವೀನಾ ಕೈಲಿ ಆಗಲಿಲ್ಲ.

ಆ ಸಾಲುಗಳ ಹಕ್ಕು ಈಗ ಅವನ ತಂದೆ ಹೊಹೆಪಾ ಅವರದು. ಊರಿಗೆಲ್ಲ ಅವರು ಕೊರೋ, ಅಂದರೆ ಅಜ್ಜ. ಅವರು ಒಪ್ಪಲಿಲ್ಲ.

"ಯಾರೂ ಮುಚ್ಚಿಡಬಾರ್ದು ಅಂತ ಒಪ್ಪಿ ನನ್ ಮಗ ಬರ್ದಿದ್ದು. ಅವನೇ ಇಲ್ದಾಗ ಅದನ್ನ ಬದಲಾಯಿಸೋಕೆ ನಾನ್ಯಾರಮ್ಮ?"

ಹಾಗಾದರೆ ಅವನ ಸಾಲುಗಳನ್ನೇ ತೆಗೆಯಬೇಕಾಗುತ್ತದೆ ಎಂದರು ರೊವೀನಾ. ಮುದುಕ, ತೆಗಿ ಎಂದರು.

ಆ ಜಾಗಕ್ಕೆ ಹೊಸದನ್ನು ರೊವೀನಾ ಬರೆಯುವಂತಿಲ್ಲ. ಹಳೆಯದನ್ನು ಓದಿದವರ ಕೈಯಲ್ಲಿ ಅದೇ ಮರಳಿ ಬಂದರೆ ಪಟ್ಟ ಪಾಡೆಲ್ಲ ವ್ಯರ್ಥ. "ನಂಗೆ ಅದು ಬಾಯಿಪಾಠ. ಅವನಿಗೆ ಈ ಕೆಲಸ ಕಲಿಸಿದ್ದೇ ನಾನು" ಎನ್ನುತ್ತಾರೆ ರೊವೀನಾ. ಕೊನೆಗೆ, ಏನು ಆಗಬೇಕು ಎಂಬುದನ್ನಷ್ಟೇ ಹೇಳಿ, ಹಳೆಯದನ್ನು ಕಣ್ಣೆತ್ತಿಯೂ ನೋಡದ ಕಡಲಾಚೆಯ ಸುವಾ ನಗರದ ತಂತ್ರಜ್ಞೆ ಸೆರೆಯಾನಾಗೆ ಬರೆಯಲು ಬಿಟ್ಟರು.

ಅವಳು ಬರೆದದ್ದು ನಿನ್ನೆ ಬಂತು. ರೊವೀನಾ ಮೊದಲು ಹಾಕಿ ನೋಡಿದ್ದು ರಾವಿರಿ ಸತ್ತ ದಿನದ ಉಬ್ಬರವನ್ನು. ಅಲ್ಲಿಯವರೆಗೆ ಆ ದಿನವನ್ನು ಹಾಕಿ ನೋಡುವ ಧೈರ್ಯ ಅವರಿಗಿರಲಿಲ್ಲ. ಅವನ ಲೆಕ್ಕ, ಅವಳ ಲೆಕ್ಕ, ಬಂದರಿನಲ್ಲಿ ಆ ದಿನ ಅಳೆದಿಟ್ಟದ್ದು, ಮೂರೂ ಒಂದೇ ಹೊತ್ತನ್ನು ಹೇಳಿದವು. ಈಗ ಅವರು ಕೊರೋಗೆ ಫೋನ್ ಮಾಡಿರುವುದು ಅದನ್ನು ತಿಳಿಸಲಿಕ್ಕೆ.

"ಹಾಗಾದ್ರೆ ತಪ್ಪು ಅವನದಲ್ಲ?"

"ಅಲ್ಲ ಕೊರೋ. ಅವನ ಲೆಕ್ಕ ಸರಿಯಾಗೇ ಇತ್ತು."

ಆ ಕಡೆ ಮುದುಕ ಅಳುತ್ತಾರೆ. ಆಮೇಲೆ, ಕೊಟ್ಟ ಮಾತು ಮಾತೇ, ತೆಗೆದುಬಿಡು ಎನ್ನುತ್ತಾರೆ.

ರೊವೀನಾ ಒಂದೊಂದೇ ಸಾಲು ಅಳಿಸುತ್ತಾರೆ. ಒಟ್ಟಿಗೆ ಅಳಿಸಬಹುದಿತ್ತು, ಮನಸ್ಸು ಬರುವುದಿಲ್ಲ. ಅಳಿಸುತ್ತಲೇ ಫೋನಿನಲ್ಲಿ ಕೊರೋಗೆ ಹೇಳುತ್ತಾರೆ:

"ಹಳೇ ಪ್ರತಿ ಎಲ್ರಿಗೂ ಸಿಗೋ ಹಾಗೆ ಉಳಿದಿರುತ್ತೆ, ಅದ್ರಲ್ಲಿ ಅವನ ಹೆಸರೂ ಇರುತ್ತೆ. ಆಡಿಕೊಂಡವ್ರಲ್ಲಿ ಒಬ್ಬರಾದ್ರೂ ಅದನ್ನ ತೆರೆದು ನೋಡ್ಲಿ. ನಂಗೆ ಅಷ್ಟು ಸಾಕು."