ಅಕ್ಕ ಅಳೆದ ಕಾಕಂಬಿ

ಓಮಲೂರಿನ ಹತ್ತಿರ ದನದ ಮೇವು ತಯಾರಿಸುವ ಮಿಲ್ಲಿನಲ್ಲಿ ನನ್ನ ಅಕ್ಕ ಆರತಿ ಲ್ಯಾಬ್ ನೋಡಿಕೊಳ್ಳುತ್ತಾಳೆ. ಮೊದಲು ಮರಗೆಣಸಿನ ಹಿಟ್ಟಿನಿಂದ ಸಿಹಿ ಪಾಕ ತೆಗೆಯುವ ಕಾರ್ಖಾನೆಯಲ್ಲಿ ಸಕ್ಕರೆ ಅಳೆಯುತ್ತಿದ್ದಳು, ಈಗ ಮೇವಿಗೆ ಬೆರೆಸುವ ಕಬ್ಬಿನ ಕಪ್ಪು ಪಾಕ ಕಾಕಂಬಿಯಲ್ಲಿ. ಕುದಿಯುವ ನೀಲಿ ದ್ರಾವಣಕ್ಕೆ ನೀರಲ್ಲಿ ಕರಗಿಸಿದ ಕಾಕಂಬಿಯನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ನೀಲಿ ಬೇಗ ಹೋದರೆ ಸಕ್ಕರೆ ಹೆಚ್ಚು, ತಡವಾದರೆ ಕಡಿಮೆ. ನಡುವೆ ಉರಿಯಿಂದ ಇಳಿಸಿದರೆ ಗಾಳಿ ತಾಗಿ ನೀಲಿ ಮರಳುತ್ತದೆ, ಇರುವುದಕ್ಕಿಂತ ಸಕ್ಕರೆ ಕಡಿಮೆ ಎಂದು ಲೆಕ್ಕ ಕೆಡುತ್ತದೆ. ನಾನು ಹಾಲು ಕಾಯಿಸುತ್ತ ನಿಂತಾಗಲೂ ಇದನ್ನೇ ಪಾಠ ಹೇಳಿದ್ದಾಳೆ. ಅವಳ ಕೈ ತಪ್ಪುವುದಿಲ್ಲವೆಂದು ಎಲ್ಲರಿಗೂ ನಂಬಿಕೆ.

ನಿನ್ನೆ ನನ್ನ ಮಗ ಸಮೀರ ಮೊದಲ ಸಲ "ದೊಡ್ಮ" ಅಂದ. ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ ಕೇಳಿಸಿದೆ.

ಸಂಜೆ ಮನೆಗೆ ಬಂದ ಅಕ್ಕ ಅವನನ್ನು ಮಡಿಲಲ್ಲಿಟ್ಟುಕೊಂಡು, ಟ್ಯಾಂಕರ್ ಡ್ರೈವರ್ ಕರಿಯಪ್ಪ ಕಾಕಂಬಿಗೆ ನೀರು ಬೆರೆಸಿ ಲ್ಯಾಬಿನ ಅಳತೆಯಲ್ಲಿ ಸಿಕ್ಕಿಬಿದ್ದದ್ದನ್ನು ಹೇಳಿದಳು. "ಮ್ಯಾನೇಜರ್ ಧನಶೇಖರ್ ಗೇಟಲ್ಲೇ ಬೈದ್ರು, ನಿಂತಿದ್ದೋರೆಲ್ಲ ನಕ್ರು. ಕರಿಯಪ್ಪ ನಂಗೆ ಕೈ ಮುಗಿದು, ಟ್ಯಾಂಕರ್ ತೊಳೆದ ನೀರು ಒಳಗೇ ನಿಂತಿತ್ತೇನೋ, ತಪ್ಪಾಯ್ತು ಅಂದ. ನಾಳೆ ಟ್ಯಾಂಕರ್ ಓನರ್ ಬಂದು ಕೀ ಕಿತ್ಕೋತಾನೆ."

"ಫೋನ್ ಮಾಡ್ದಾಗ ಏನ್ಮಾಡ್ತಿದ್ದೆ?" ಸುಮ್ಮನೆ ಕೇಳಿದೆ.

"ಅವನ ಕಾಕಂಬೀನೇ..." ಅಕ್ಕ ನೆಟ್ಟಗೆ ಕೂತಳು. "ಮಗು ಮಾತು ಕೇಳ್ಬೇಕೂಂತ ಫ್ಲಾಸ್ಕ್ ಇಳಿಸಿಟ್ನಲ್ಲೇ, ಕೃಪಾ."

ಮಗುವನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಮತ್ತೆ ಮುಟ್ಟಲಿಲ್ಲ. ಫೋನ್ ಮಾಡಿದವಳು ನಾನು.

ಬೆಳಿಗ್ಗೆ "ನೀನೂ ಬಾ" ಎಂದಳು. ಮಗುವಿನೊಂದಿಗೆ ಮಿಲ್ಲಿಗೆ ಹೋದೆ. ಎತ್ತಿಟ್ಟಿದ್ದ ಮಾದರಿಯನ್ನು ಅಕ್ಕ ಮತ್ತೆ ಅಳೆದಳು. ಸಕ್ಕರೆ ಸರಿಯಾಗಿತ್ತು.

"ವಿಡುಮ್ಮಾ, ಬಿಟ್ಬಿಡು. ರಿಪೋರ್ಟ್ ಬದಲಾಯಿಸು, ಸಾಕು. ಯಾರಿಗೂ ಹೇಳೋದ್ ಬೇಡ," ಎಂದರು ಧನಶೇಖರ್.

ಅಕ್ಕ ಗೇಟಿಗೆ ನಡೆದಳು. ಹಿಂದಿನ ದಿನ ನಕ್ಕವರೆಲ್ಲ ಅಲ್ಲೇ ಇದ್ದರು. ಕೀ ಕೇಳಲು ಓನರೂ ಬಂದಿದ್ದ.

"ತಪ್ಪು ನಂದು, ಕರಿಯಪ್ಪಣ್ಣ. ನಿಮ್ಮ ಕಾಕಂಬೀಲಿ ನೀರಿಲ್ಲ."

ಓನರ್ ಚಾಚಿದ್ದ ಕೈ ಹಿಂದೆಗೆದುಕೊಂಡ. ಕರಿಯಪ್ಪ ನಗಲಿಲ್ಲ.

"ನಾನೂ ನಂಬ್ಬುಟ್ನಲ್ಲವ್ವಾ. ಓದ್ದೋರು ಏಳವ್ರೆ, ನಂದೇ ತಪ್ಪಿರ್ತೈತೆ ಅಂತ ಮನೇಲೂ ಒಪ್ಕಂಡೆ." ಫೋನ್ ಒತ್ತಿ ಅಕ್ಕನ ಮುಂದೆ ಹಿಡಿದ. "ನನ್ ಎಂಡ್ರು, ಮುತ್ತಮ್ಮ. ಅವಳ್ಗೂ ನೀನೇ ಏಳ್ಬುಡು."

ಅಕ್ಕ ಫೋನ್ ಕಿವಿಗಿಟ್ಟಳು. "ಏನಾಯ್ತು ಅಲ್ಲಿ?" ಎಂಬ ದನಿ ನನಗೂ ಕೇಳಿಸಿತು.

ನನ್ನ ಸೊಂಟದ ಮೇಲಿದ್ದ ಸಮೀರ ಅಕ್ಕನತ್ತ ಬಾಗಿ "ದೊಡ್ಮ" ಅಂದ. ಈ ಸಲ ಅವನನ್ನು ಅವುಚಿಕೊಂಡು ನಾನು ದೂರ ಸರಿದೆ.