ಅಜ್ಜಾರ ತ್ರೀ ನಾಟ್ ತ್ರೀ

ಮೊನ್ನೆ ಗದಗಿನಿಂದ ಬಂದ ನನ್ನ ಮೈದುನ ಗಾಣದ ಅಗಸಿ ಎಣ್ಣೆಯ ಬಾಟಲಿ ತಂದಿದ್ದ. ಹೃದಯಕ್ಕೆ ಒಳ್ಳೆಯದಂತೆ. ಮಸ್ಕತ್ತಿನ ಬೌಷರ್‌ನ ಈ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮುಚ್ಚಳ ತೆಗೆದದ್ದೇ ತಡ, ಆ ಹಸಿ ಘಾಟು ಮೂಗಿಗೆ ಬಡಿದು ಇಬ್ರಾದ ನಮ್ಮ ಹಳೆಯ ಮನೆ ಮಾಲೀಕರು ಕಣ್ಣ ಮುಂದೆ ಬಂದು ಕುಳಿತರು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು ಅದು.

ಒಮಾನಿನ ಇಬ್ರಾದಲ್ಲಿ ನಾವು ಮಾಲೀಕರ ಮನೆಯ ಮೇಲಂತಸ್ತಿನಲ್ಲಿದ್ದೆವು. ಅವರು ಒಮಾನಿ ಸೈನ್ಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಲೂಚಿ ಜೊತೆಗಾರರಿಂದ ಕಲಿತ ಉರ್ದು ಅವರಿಗೆ ಸಲೀಸು. ನನ್ನನ್ನು 'ಮುಹಂದಿಸ್' ಎನ್ನುತ್ತಿದ್ದರು, ಅಂದರೆ ಎಂಜಿನಿಯರ್. ನನ್ನ ಹೆಂಡತಿ ಅವರನ್ನು 'ಅಜ್ಜಾರು' ಎಂದಳು, ನನಗೂ ಅದೇ ರೂಢಿಯಾಯಿತು.

ಅಜ್ಜಾರಿಗಿದ್ದ ಹುಚ್ಚು ಒಂದೇ, ಗುರಿ ಹೊಡೆಯುವುದು. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಊರಾಚೆಯ ಬಯಲಿಗೆ ಹೋಗುವ ಹಿರಿಯರ ಒಂದು ತಂಡವಿತ್ತು. ಎಲ್ಲರದೂ ಪರವಾನಗಿಯ ಹಳೇ ಬಂದೂಕು. ಗುಡ್ಡದ ಬುಡದಲ್ಲಿ ಅಂಗೈಯಷ್ಟು ಬಿಳಿ ಹಲಗೆ ನಿಲ್ಲಿಸಿ, ಚಾಪೆಯ ಮೇಲೆ ಕೂತು, ಖಾವಾ ಕಾಫಿ ಕುಡಿಯುತ್ತ ಒಬ್ಬೊಬ್ಬರಾಗಿ ಹೊಡೆಯುತ್ತಿದ್ದರು.

ಅಜ್ಜಾರು ತಮ್ಮ ತ್ರೀ ನಾಟ್ ತ್ರೀ ಬಂದೂಕು ಕೊಂಡ ದಿನ ನನ್ನನ್ನೂ ಸೂಕಿಗೆ, ಅಲ್ಲಿನ ಪೇಟೆಗೆ, ಕರೆದೊಯ್ದಿದ್ದರು. ಎಂದೋ ಬ್ರಿಟಿಷರ ಸೈನ್ಯ ಬಳಸಿ ಬಿಟ್ಟ ಮಾಲು. ಅಂಗಡಿಯವನು ಥಳಥಳ ಹೊಳೆಯುವುದೊಂದನ್ನು ಮುಂದೆ ಹಿಡಿದರೆ ಅಜ್ಜಾರು ಮೂತಿ ತಿರುಗಿಸಿದರು. "ಇದನ್ನು ಮರಳು ಕಾಗದದಲ್ಲಿ ಉಜ್ಜಿ ಕೊಂದಿದ್ದಾರೆ" ಎಂದು, ಮೂಲೆಯಲ್ಲಿದ್ದ ಕಪ್ಪು ಬಂದೂಕನ್ನು ಎತ್ತಿಕೊಂಡರು. ಗುಂಡು ಕೂರಿಸುವ ಬೋಲ್ಟ್ ತೆಗೆದು, ಅದರ ಮೇಲಿನ ನಂಬರೂ ಬಂದೂಕಿನ ನಂಬರೂ ಒಂದೇ ಹೌದೋ ಅಲ್ಲವೋ ನೋಡಿದರು. ಆಚೆ ತುದಿಗೆ ಬೆಳಕಿಗೆಂದು ಬಿಳಿ ಟಿಶ್ಯೂ ಹಿಡಿದು ನಳಿಗೆಯೊಳಗೆ ಕಣ್ಣಿಟ್ಟು ಎಷ್ಟು ಹೊತ್ತು ಕೂತರೆಂದರೆ, ಅಂಗಡಿಯವನು ಎರಡು ಸಲ ಚಹಾ ತರಿಸಿದ. ನಮ್ಮ ಕಡೆ ಹೆಣ್ಣು ನೋಡುವುದಕ್ಕೂ ಇಷ್ಟು ಹೊತ್ತು ಹಿಡಿಯುವುದಿಲ್ಲ ಎಂದೆ. ಜೋರಾಗಿ ನಕ್ಕುಬಿಟ್ಟರು.

ಹೊಡೆದು ಬಂದ ಸಂಜೆ ಕುದಿಯುವ ನೀರನ್ನು ನಳಿಗೆಯೊಳಗೆ ಸುರಿಯುತ್ತಿದ್ದರು. ಹಳೇ ಮದ್ದು ಒಳಗೆ ಉಪ್ಪು ಬಿಡುತ್ತದೆ, ಬಿಸಿನೀರು ಅದನ್ನು ತೊಳೆದು ತಾನೂ ಆರುತ್ತದೆ, ತಣ್ಣೀರಾದರೆ ಉಳಿದು ತುಕ್ಕು ಹಿಡಿಸುತ್ತದೆ ಎನ್ನುತ್ತಿದ್ದರು. ಆಮೇಲೆ ಹುರಿಗೆ ಬಟ್ಟೆ ಕಟ್ಟಿ ಎಳೆದು, ತೆಳ್ಳಗೆ ಎಣ್ಣೆ ಸವರುವುದು. ಮರಕ್ಕೆ ಮಾತ್ರ ಅಗಸಿ ಎಣ್ಣೆ. ಅದು ನಮ್ಮೂರಿನದೇ, ನಾನು ರಜೆಗೆ ಹೋದಾಗ ತರುತ್ತಿದ್ದೆ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಕೈ ಬಿಸಿಯಾಗುವವರೆಗೆ ತಿಕ್ಕುತ್ತಿದ್ದರು... ನಾವು ಅದರ ಚಟ್ನಿ ತಿನ್ನುತ್ತೇವೆಂದರೆ ಅವರಿಗೆ ನಂಬಿಕೆಯೇ ಇಲ್ಲ.

ಇನ್ನು ನನ್ನ ಸಿಟ್ಟಿಗೆ ಕಾರಣರಾದ ಆ ಸಾಹೇಬರ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯವರೇ, ಕಂಪನಿಯಲ್ಲಿ ಸೂಪರ್‌ವೈಸರ್, ಇಬ್ರಾದ ನಾಲ್ಕಾರು ಕನ್ನಡ ಮನೆಗಳಿಗೆ ತಾನೇ ಮುಂದಾಳು. ಆ ವರ್ಷ ಆಯುಧ ಪೂಜೆ ನಮ್ಮ ಮನೆಯಲ್ಲಿ.

"ಪ್ರತಿ ವರ್ಸಾ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಸಾಕಾಗೇತ್ರಿ. ಕೆಳಗಿನ ಅಜ್ಜನ ಕಡೆ ಖರೇ ಆಯುಧ ಐತಲ್ಲ, ಅದನ್ನ ಇಡೂಣು" ಎಂದು ಗಂಟುಬಿದ್ದರು. ನಾನು ಬೇಡವೆಂದೆ. ಕೇಳುವ ಜೀವವೇ ಅದು? ನನ್ನ ತಲೆಯ ಮೇಲಿಂದ ಹೋಗಿ ತಾವೇ ಅಜ್ಜಾರನ್ನು ಕೇಳಿದರು.

ಅಜ್ಜಾರು ಹೂಂ ಎಂದರು. ದುಡಿಯುವ ವಸ್ತುವಿಗೆ ಮರ್ಯಾದೆ ಕೊಡುವ ಹಬ್ಬವಾದರೆ ಒಳ್ಳೆಯದೇ, ಆದರೆ ಹೂವಷ್ಟೇ ಇರಲಿ, ನೀರು ತಾಗಿಸಬೇಡಿ ಎಂದರು. ತಾವೇ ಬಂದೂಕು ತಂದು ಚಾಪೆಯ ಮೇಲಿಟ್ಟು, ಬೋಲ್ಟ್ ತೆಗೆದು ಜೇಬಿಗೆ ಹಾಕಿಕೊಂಡು, ಪಕ್ಕದಲ್ಲೇ ಕುಳಿತರು. ಬೋಲ್ಟ್ ಇಲ್ಲದ ಬಂದೂಕು ಒನಕೆಯಿದ್ದ ಹಾಗೆ, ಸಿಡಿಯುವ ಮಾತೇ ಇಲ್ಲ. ಪೂಜೆ ಮುಗಿಯಿತು. ಹೋಳಿಗೆ ಬಡಿಸುವ ಹೊತ್ತಿಗೆ ಅಜ್ಜಾರು ಕೈ ತೊಳೆಯಲು ಎದ್ದರು. ನಾನು ಹೊರಗೆ ಪ್ರಸಾದದ ಕಾಯಿ ಹೋಳು ಮಾಡುತ್ತಿದ್ದೆ. ಅಷ್ಟರಲ್ಲೇ ಸಾಹೇಬರು ತಲೆಗೆ ರುಮಾಲು ಸುತ್ತಿ, ಅದರ ತುದಿಯಿಂದ ಅರ್ಧ ಮುಖ ಮುಚ್ಚಿ, ಬಂದೂಕು ಹೆಗಲಿಗೇರಿಸಿ, ಟ್ರಿಗರ್ ಮೇಲೆ ಬೆರಳಿಟ್ಟು ಫೋಟೊ ಹೊಡೆಸಿಕೊಂಡರು. ಹೊಡೆಸಿಕೊಂಡರೆ ಹಾಳಾಗಿ ಹೋಗಲಿ, 'ನನ್ನ ಹೊಸ ಬಂದೂಕು' ಎಂದು ಇಂಗ್ಲಿಷಿನಲ್ಲಿ ಬರೆದು ಊರಿಗೆಲ್ಲ ಹಂಚಿದರು!

ಇಬ್ರಾ ಎಷ್ಟು ದೊಡ್ಡ ಊರು? ಎರಡು ದಿನದಲ್ಲಿ ಫೋಟೊ ಕೈಯಿಂದ ಕೈಗೆ ದಾಟಿ ಶುಕ್ರವಾರದ ತಂಡದವರ ಫೋನಿಗೆ ಬಂತು. ಆ ಅರ್ಧ ಮುಖ ಯಾರದೆಂದು ಅವರಿಗೆ ಗೊತ್ತಾಗಲಿಲ್ಲ, ಬಂದೂಕು ಯಾರದೆಂದು ಮಾತ್ರ ಗೊತ್ತಾಯಿತು. ಬಂದೂಕನ್ನು ಬೇರೆಯವರ ಕೈಗೆ ಕೊಡಬಾರದು, ಅದು ಅವರ ಮೊದಲ ನಿಯಮ. ಅಜ್ಜಾರನ್ನು ಕೇಳಿದರು. "ನಾನು ಯಾರ ಕೈಗೂ ಕೊಡಲಿಲ್ಲ, ಕೈ ತೊಳೆಯಲು ಎದ್ದಿದ್ದೆ, ಬೋಲ್ಟ್ ನನ್ನ ಜೇಬಿನಲ್ಲಿತ್ತು" ಎಂದರು ಅಜ್ಜಾರು. ಹಾಗಾದರೆ ಫೋಟೊದಲ್ಲಿರುವವನೇ ಬಂದು ಹೇಳಲಿ, ಅಲ್ಲಿಯವರೆಗೆ ಬಯಲಿಗೆ ಬರಬೇಡಿ ಎಂದರಂತೆ. ಅಜ್ಜಾರು ಕೊಟ್ಟಿಲ್ಲವೆಂದು ನಾನು ಓಡಿಹೋಗಿ ಹೇಳಿದೆ. ನೀನು ಅವರ ಬಾಡಿಗೆದಾರ, ಇನ್ನೇನು ಹೇಳುತ್ತೀ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಒಂದೇ ಮಾತು ಸಾಕಿತ್ತು. "ಅವರು ಕೊಡಲಿಲ್ಲ, ನಾನೇ ಎತ್ತಿಕೊಂಡೆ" ಅನ್ನುವ ಮಾತು. ಸಾಹೇಬರ ಮನೆಗೆ ಹೋಗಿ ಕೇಳಿದೆ.

"ನನ್ನ ಕಫೀಲ್‌ಗೆ ಗೊತ್ತಾದ್ರ ವೀಸಾ ಖಲಾಸ್ ಆಗ್ತೈತ್ರಿ. ನನಗೂ ಹೆಂಡ್ರು ಮಕ್ಳು ಅದಾವು" ಎಂದರು. ಕಫೀಲ್ ಎಂದರೆ ವೀಸಾ ಕೊಡಿಸಿದ ಮಾಲೀಕ.

"ಪೊಲೀಸ್ ಠಾಣೆಗೆ ಕರ್ಯಾಕತ್ತಿಲ್ರೀ. ಚಾಪಿ ಮ್ಯಾಲ ಕುಂತು ನಾಕು ಮುದುಕರಿಗೆ ಹೇಳೂದು."

"ನೋಡೂಣು ತಗೋರಿ, ಬುಕ್ರಾ ಹೋಗೂಣು." ಬುಕ್ರಾ ಎಂದರೆ ನಾಳೆ. ಆ ನಾಳೆ ಬರಲೇ ಇಲ್ಲ. ಆ ಮನುಷ್ಯನ ಎದೆಯಲ್ಲಿ ಇದ್ದದ್ದು ಅಳುಕೋ, ಸೊಕ್ಕೋ! ಬಂದೂಕು ಹೆಗಲಿಗೇರಿಸುವಾಗ ಇದ್ದ ಶೌರ್ಯ ಬಾಯಿ ಬಿಡುವಾಗ ಎಲ್ಲಿ ಹೋಯಿತು?

ಸಾಹೇಬರ ಹೆಸರನ್ನು ನಾನೇ ಹೇಳಿ ಎಳೆದು ತರುತ್ತೇನೆಂದೆ. ಅಜ್ಜಾರು ಬಿಡಲಿಲ್ಲ. "ನನ್ನ ಮನೆಯಲ್ಲಿ ಉಂಡವನು, ಮುಹಂದಿಸ್. ಬರುವುದಾದರೆ ತಾನೇ ಬರಲಿ." ಉಂಡೂ ಹೋದ ಕೊಂಡೂ ಹೋದ ಅನ್ನುವ ನಮ್ಮ ಗಾದೆಯನ್ನು ಅವರಿಗೆ ಹೇಳಲು ನೋಡಿದೆ, ಆ ಪ್ರಾಸ ಉರ್ದುವಿಗೆ ಇಳಿಯಲಿಲ್ಲ. ಶುಕ್ರವಾರ ಸಂಜೆ ಬಯಲಿನ ಕಡೆಯಿಂದ ಗುಂಡಿನ ಸದ್ದು ಕೇಳಿದಾಗ ಅವರು ಜಗಲಿಯಲ್ಲಿ ಕೂತು ಹೊಡೆಯದ ಬಂದೂಕನ್ನೇ ಒರೆಸುತ್ತಿದ್ದರು... ಹೊಡೆಯಲಿಕ್ಕಿಲ್ಲದ ಮೇಲೆ ಯಾಕೆ ಒರೆಸುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮರು ವರ್ಷ ನಮಗೆ ಮಸ್ಕತ್ತಿಗೆ ವರ್ಗವಾಯಿತು. ಅಲ್ಲಿನ ಅಲ್ ಖುವೈರ್‌ನ ಆಫೀಸಿನಲ್ಲಿದ್ದಾಗಲೇ ಅಜ್ಜಾರು ತೀರಿಕೊಂಡ ಸುದ್ದಿ ಬಂತು. ಇಬ್ರಾಗೆ ಹೊರಟೆ. ಅತಿಥಿಗಳು ಕೂರುವ ಮಜ್ಲಿಸ್‌ನಲ್ಲಿ ತಂಡದ ಹಿರಿಯರೆಲ್ಲ ಕೂತಿದ್ದರು. ಸಾಹೇಬರೂ ಬಂದಿದ್ದರು, ಕನ್ನಡಿಗರ ಪರವಾಗಿ ಸಂತಾಪ ಹೇಳಲು! ಹಿರಿಯರಲ್ಲೊಬ್ಬರು ಅಜ್ಜಾರ ಮಗನಿಗೆ ಹೇಳಿದರು, "ನಿನ್ನ ತಂದೆಯಂಥ ಗುರಿಗಾರ ನಮ್ಮಲ್ಲಿರಲಿಲ್ಲ. ಎಚ್ಚರ ಒಂದು ತಪ್ಪಿತು." ಮಗ ತಲೆ ತಗ್ಗಿಸಿದ. ನಾನು ಸಾಹೇಬರ ಮುಖ ನೋಡಿದೆ. ಈಗಲಾದರೂ ಬಾಯಿ ಬಿಡಬಹುದೆಂದು ಕಾದೆ. ಅವರು ಕೈ ಚಾಚಿ ಇನ್ನೊಂದು ಖರ್ಜೂರ ತೆಗೆದುಕೊಂಡರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬರುವ ಅರೆಬರೆ ಅರಬ್ಬಿಯಲ್ಲಿ, ಬೆರಳು ಚಾಚಿ ಹೇಳಿದೆ: "ಫೋಟೊದಲ್ಲಿದ್ದವನು ಇವನು. ಅವರು ಕೊಡಲಿಲ್ಲ. ಇವನೇ ಎತ್ತಿಕೊಂಡ." ಸಾಹೇಬರು ಇಲ್ಲವೆನ್ನಲಿಲ್ಲ. ಖರ್ಜೂರದ ಬೀಜ ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೊರಟರು. ಹಿಂದೆಯೇ ಹೋದ ನನಗೆ ಕಾರಿನ ಬಳಿ, "ಸತ್ತವರಿಗೆ ಇದರಿಂದ ಏನ ಆಗೂದೈತ್ರಿ? ಸುಮ್ನ ನನ್ನ ಮಾನ ಕಳದ್ರಿ" ಎಂದರು.

ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೆಚ್ಚು ಉರಿಯುವುದು ಯಾಕೆಂದರೆ, ಅದು ನಿಜ. ಸತ್ತವರಿಗೆ ಏನೂ ಆಗಲಿಲ್ಲ. ಹೊರಗಿನಿಂದ ಮಜ್ಲಿಸ್‌ಗೆ ಮರಳಿದಾಗ ಆ ಹಿರಿಯರು ಅಜ್ಜಾರ ಮಗನ ಕೈ ಹಿಡಿದು ಅಳುತ್ತಿದ್ದರು, ಶುಕ್ರವಾರ ನಮ್ಮ ಚಾಪೆಯ ಮೇಲೆ ನಿನ್ನ ತಂದೆಯ ಜಾಗ ಇದೆ ಎನ್ನುತ್ತಿದ್ದರು. ಅಷ್ಟು ಕೇಳಲು ಅಜ್ಜಾರು ಒಂದು ವರ್ಷಕ್ಕೂ ಮಿಕ್ಕಿ ಜಗಲಿಯಲ್ಲಿ ಕಾದಿದ್ದರು.